ಅಚ್ಚಿನ ದೋಷವೂ ಕಾರಣದ ಜಿಜ್ಞಾಸೆಯೂ

ಅನಿಷ್ಟವೊಂದು ಸಂಭವಿಸಿದೊಡನೆ ಅದರ ಕಾರಣವನ್ನು ಅರಸಹೊರಡುವುದು ಮನುಷ್ಯಬುದ್ಧಿಯ ಸಹಜಧರ್ಮವಾಗಿರುವಂತೆಯೇ, ಹಾಗೆ ಹೊರಟ ಬುದ್ಧಿಯು ಅರ್ಧದಾರಿಯಲ್ಲಿ ದಣಿದು, ಮೊದಲು ಕಣ್ಣಿಗೆ ಬಿದ್ದ ವಸ್ತುವನ್ನೋ ವ್ಯಕ್ತಿಯನ್ನೋ ಗ್ರಹವನ್ನೋ ಅಪರಾಧಿಯೆಂದು ನಿರ್ಣಯಿಸಿ ಸುಮ್ಮನಾಗಿಬಿಡುವುದೂ ಅದರ ಸಹಜದೌರ್ಬಲ್ಯವಾಗಿದೆ. ಕಾಣುವ ಕಾರಣವು ಎಲ್ಲಿ ಮುಗಿಯುತ್ತದೆ, ಕಾಣದ ಕಾರಣವನ್ನು ಎಲ್ಲಿಂದ ಹೇಳತೊಡಗಬಹುದು, ಒಂದರ ಜೊತೆಯಲ್ಲಿ ಇನ್ನೊಂದು ತೋರಿಬಂದ ಮಾತ್ರಕ್ಕೆ ಅದನ್ನು ಇದರ ಕಾರಣವೆನ್ನಬಹುದೆ ಎಂಬ ಪ್ರಶ್ನೆಗಳನ್ನು ನಮ್ಮ ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ಬಿಡದೆ ಚರ್ಚಿಸಿದರು. ಅವು ಶಾಸ್ತ್ರಗ್ರಂಥಗಳೊಳಗೆ ಮಾತ್ರ ಉಳಿಯತಕ್ಕ ಪ್ರಶ್ನೆಗಳಲ್ಲ. ಮನೆಯ ಮೂಲೆಯಲ್ಲಿ, ಸಣ್ಣ ಪೇಟೆಯ ಅಂಗಡಿಯಲ್ಲಿ, ಇಂದು ಮೇಜಿನ ಮೇಲೆ ಕುಳಿತಿರುವ ಅಚ್ಚಿನ ಯಂತ್ರವು ಕೆಟ್ಟು ನಿಂತಾಗಲೆಲ್ಲ ಅವೇ ಪ್ರಶ್ನೆಗಳು ಮತ್ತೆ ಹುಟ್ಟುತ್ತವೆ. ಅವಕ್ಕೆ ಸರಿಯಾದ ಉತ್ತರವನ್ನು ಕೊಡುವವನು, ತಾನು ತಿಳಿದೋ ತಿಳಿಯದೆಯೋ, ಧರ್ಮಕ್ಕೆ ಸೇರಿದ ಒಂದು ಕೆಲಸವನ್ನು ಮಾಡಿದವನಾಗುತ್ತಾನೆ.

ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳ ಸಂಗಮವನ್ನು ಹಿಂದಿಕ್ಕಿ, ಶಿರಾಡಿಯ ಘಾಟಿಯನ್ನು ಏರುವುದಕ್ಕೆ ಮೊದಲು, 75ನೆಯ ರಾಷ್ಟ್ರೀಯ ಹೆದ್ದಾರಿಯು ಹಾದುಹೋಗುವ ನೆಲ್ಯಾಡಿಯು ಅಡಕೆಯ ತೋಟಗಳಿಗೂ ರಬ್ಬರಿನ ಗುಡ್ಡಗಳಿಗೂ ನಡುವೆ ಬೆಳೆದ ಪೇಟೆ. ತುಳು, ಕನ್ನಡ, ಮಲಯಾಳ, ಬ್ಯಾರಿ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಇಂಥ ಊರಿನ ಜೆರಾಕ್ಸ್ ಅಂಗಡಿಯಲ್ಲಿ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ದೈವದ ನೇಮದ ಕರೆಯೋಲೆ, ಇಗರ್ಜಿಯ ಹಬ್ಬದ ಪ್ರಕಟಣೆ, ಮದ್ರಸದ ಸೂಚನಾಪತ್ರ, ಜಮೀನಿನ ಪಹಣಿ, ಶಾಲೆಯ ಮಕ್ಕಳ ಪ್ರಶ್ನಪತ್ರಿಕೆ ಎಲ್ಲವೂ ಒಂದೇ ಯಂತ್ರದಿಂದ ಹೊರಬರುತ್ತವೆ. ಜುಲೈ ನಡುವಿನಲ್ಲಿ ಆಟಿ ತಿಂಗಳು ಕಾಲಿಟ್ಟು, ಘಟ್ಟದ ಬುಡದ ಮಳೆಯು ಹಗಲಿರುಳೆನ್ನದೆ ಸುರಿಯತೊಡಗಿದಾಗ, ಅದುವರೆಗೆ ಶಾಂತವಾಗಿ ನಡೆದಿದ್ದ ಯಂತ್ರದಲ್ಲಿ ವಿಕಾರಗಳು ತೋರುತ್ತವೆ: ಅಕ್ಷರಗಳು ಅಲ್ಲಲ್ಲಿ ಮಾಸುತ್ತವೆ, ಹಾಳೆ ಸುರುಳಿಗೊಳ್ಳುತ್ತದೆ, ಎರಡು ಮೂರು ಹಾಳೆಗಳು ಒಟ್ಟಾಗಿ ಒಳಸೇರಿ ಸಿಕ್ಕಿಕೊಳ್ಳುತ್ತವೆ. ಆಗ ತೀರ್ಪುಗಳಿಗೆ ಕೊರತೆಯಿಲ್ಲ. ಒಬ್ಬನು ರೀಫಿಲ್ ಮಾಡಿಸಿದ ಟೋನರನ್ನು ದೂರುತ್ತಾನೆ. ಟೋನರು ತುಂಬಿದವನು ಕಾಗದವನ್ನು ದೂರುತ್ತಾನೆ. ಗಿರಾಕಿಯು ಅಂಗಡಿಯ ಹುಡುಗನ ಅಜಾಗರೂಕತೆಯನ್ನು ಹಳಿಯುತ್ತಾನೆ. ಆಟಿಯು ಶುಭಕಾರ್ಯಕ್ಕೆ ಸಲ್ಲದ ತಿಂಗಳೆಂಬ ನಂಬಿಕೆಯಲ್ಲಿ ಬೆಳೆದವರಿಗೆ ತಿಂಗಳೇ ಸಾಕಷ್ಟು ಕಾರಣವಾಗಿ ತೋರುತ್ತದೆ.

ಈ ಕೊನೆಯ ಮಾತನ್ನು ಮೂಢನಂಬಿಕೆಯೆಂದು ಒಮ್ಮೆಗೇ ತಳ್ಳಿಬಿಡುವುದು ಸುಲಭವಾದರೂ ನ್ಯಾಯವಲ್ಲ. ಏಕೆಂದರೆ ಅದರ ಹಿಂದೆ ಒಂದು ನಿಜವಾದ ಅವಲೋಕನವುಂಟು. ಆಟಿ ಬಂದಾಗಲೆಲ್ಲ ಅಚ್ಚು ಕೆಡುತ್ತದೆಯೆಂಬುದನ್ನು ಕಂಡವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಶಾಸ್ತ್ರದ ಪರಿಭಾಷೆಯಲ್ಲಿ ಇದು ಅನ್ವಯ: ಇದಿದ್ದಾಗ ಅದಿರುವುದು. ಆದರೆ ಅನ್ವಯದ ಬಲವೊಂದರಿಂದಲೇ ಕಾರಣತ್ವವು ಸಿದ್ಧವಾಗದು. ಇದಿಲ್ಲದಾಗ ಅದಿಲ್ಲದಿರುವುದೆಂಬ ವ್ಯತಿರೇಕವೂ ಕೂಡಿಬರಬೇಕು. ಆಟಿಯ ನಡುವೆಯೇ, ಅಂಗಡಿಗೆ ಆಗತಾನೆ ಬಂದ ಕಾಗದದ ಕಟ್ಟಿನ ಹೊದಿಕೆಯನ್ನು ಬಿಚ್ಚಿ, ಅದೇ ಯಂತ್ರಕ್ಕೆ, ಅದೇ ಟೋನರಿಗೆ, ಅದೇ ಹುಡುಗನ ಕೈಯಿಂದ ಕೊಟ್ಟು ನೋಡಿದರೆ, ಅಕ್ಷರಗಳು ಕಪ್ಪಾಗಿ ಸ್ಫುಟವಾಗಿ ಮೂಡಿಬರುವುದುಂಟು. ನೆತ್ತಿಸುಡುವ ವೈಶಾಖದಲ್ಲಿಯೂ, ನೀರಿನ ಪಸೆ ತಾಗಿದ ಗೋಡೆಗೆ ಒರಗಿಸಿಟ್ಟ ಹಳೆಯ ಕಟ್ಟಿನ ಹಾಳೆಗಳು ಆಟಿಯಲ್ಲಿ ಕೆಟ್ಟ ಹಾಗೆಯೇ ಕೆಡುವುದುಂಟು. ಒಂದನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ನೋಡಿದ ಈ ಎರಡು ಪರೀಕ್ಷೆಗಳಿಂದ, ತಿಂಗಳು ಆರೋಪದಿಂದ ಮುಕ್ತವಾಯಿತು. ಟೋನರೂ ಹುಡುಗನೂ ಮುಕ್ತರಾದರು. ಹಾಳೆಯೊಳಗೆ ಸೇರಿಕೊಂಡ ತೇವವು ಮಾತ್ರ ನಿಂತಿತು. ಇಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ದೋಷವು ಹೋದರೂ ಜ್ಞಾನವು ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಟೋನರನ್ನೂ ಕಾಗದವನ್ನೂ ಒಂದೇ ಗಳಿಗೆಯಲ್ಲಿ ಹೊಸದಾಗಿಸಿದವನು ಅಂದಿನ ಕೆಲಸವನ್ನು ಗೆದ್ದಿರಬಹುದು, ಆದರೆ ನಾಳಿನ ಕೇಡಿಗೆ ಅವನ ಬಳಿ ಉತ್ತರವಿಲ್ಲ. ಮೇಲಾಗಿ, ಒಳ್ಳೆಯದೊಂದನ್ನು ನಿಷ್ಕಾರಣವಾಗಿ ಬಿಸುಟ ನಷ್ಟವೂ ಅವನದೇ.

ಹಾಗಾದರೆ ತೇವವು ಸ್ವಭಾವದಿಂದಲೇ ಅಚ್ಚಿಗೆ ಶತ್ರುವೆ? ನೆಲ್ಯಾಡಿಯಿರುವ ಜಿಲ್ಲೆಯ ಮುದ್ರಣದ ಇತಿಹಾಸವೇ ಅದನ್ನು ಅಲ್ಲಗಳೆಯುತ್ತದೆ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಸ್ಥಾಪಿಸಿದ ಮುದ್ರಣಾಲಯವು ಕಲ್ಲಚ್ಚಿನಿಂದ ಆರಂಭವಾಯಿತು. 1843ರ ಜುಲೈ 1ರಂದು, ಮಳೆಗಾಲದ ಮಧ್ಯದಲ್ಲಿಯೇ, ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಮೂಡಿದ್ದು ಕಲ್ಲಿನ ಮೇಲೆ. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ, ಬರೆಹವಿಲ್ಲದ ಭಾಗವು ನೀರನ್ನು ಹಿಡಿದುಕೊಂಡು ಮಸಿಯನ್ನು ದೂರವಿಡುತ್ತದೆ, ಬರೆಹವಿರುವ ಭಾಗವು ನೀರನ್ನು ನೂಕಿ ಮಸಿಯನ್ನು ಸ್ವೀಕರಿಸುತ್ತದೆ. ಜರ್ಮನಿಯಲ್ಲಿ 1796ರ ಸುಮಾರಿಗೆ ಸೆನೆಫೆಲ್ಡರನು ಕಂಡುಹಿಡಿದ ಈ ವಿದ್ಯೆಯ ಸಮಸ್ತವೂ ನೀರಿನ ಮೇಲೆ ನಿಂತಿತ್ತು. ಕಲ್ಲು ಒಣಗಿದರೆ ಹಾಳೆಯೆಲ್ಲ ಮಸಿಯಾಗಿ ಅಕ್ಷರವೇ ನಷ್ಟವಾಗುತ್ತಿತ್ತು. ಅಂದು ಅಕ್ಷರವನ್ನು ಕಾಪಾಡಿದ ನೀರೇ ಇಂದು ಅಕ್ಷರವನ್ನು ಕೆಡಿಸುತ್ತದೆಯೆಂದ ಮೇಲೆ, ಗುಣವಾಗಲಿ ದೋಷವಾಗಲಿ ನೀರಿನಲ್ಲಿಯೇ ನೆಲೆಸಿದೆಯೆನ್ನುವುದು ಹೇಗೆ?

ಇಂದಿನ ಲೇಸರ್ ಯಂತ್ರದ ಒಳಗುಟ್ಟು ಬೇರೆ. ನ್ಯೂಯಾರ್ಕಿನ ಆಸ್ಟೋರಿಯಾ ಎಂಬಲ್ಲಿ 1938ರ ಅಕ್ಟೋಬರ್ 22ರಂದು ಚೆಸ್ಟರ್ ಕಾರ್ಲ್‌ಸನ್ನನು, ಗಂಧಕವನ್ನು ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ಅದರಲ್ಲಿ ವಿದ್ಯುದಾವೇಶವನ್ನು ತುಂಬಿ, ದಿನಾಂಕವನ್ನೂ ಸ್ಥಳದ ಹೆಸರನ್ನೂ ಬರೆದ ಗಾಜನ್ನು ಅದರ ಮೇಲಿರಿಸಿ ಬೆಳಕನ್ನು ಹಾಯಿಸಿದನು. ಬೆಳಕು ಬಿದ್ದೆಡೆ ಆವೇಶವು ಹರಿದುಹೋಗಿ, ಬರೆಹದ ನೆರಳಿದ್ದೆಡೆ ಮಾತ್ರ ಉಳಿಯಲು, ಮೇಲೆ ಚಿಮುಕಿಸಿದ ಹುಡಿಯು ಅಲ್ಲಿ ಅಂಟಿಕೊಂಡು ಬರೆಹವು ಕಾಣಿಸಿತು. ಇಂದು ಗಂಧಕದ ಫಲಕದ ಸ್ಥಾನದಲ್ಲಿ ಡ್ರಮ್ಮೂ ಹುಡಿಯ ಸ್ಥಾನದಲ್ಲಿ ಟೋನರೂ ಇವೆ. ಡ್ರಮ್ಮಿನ ಮೇಲಿನ ಟೋನರನ್ನು ಹಾಳೆಯ ಹಿಂಬದಿಯ ಆವೇಶವು ಸೆಳೆದು ಹಾಳೆಗೆ ಇಳಿಸುತ್ತದೆ. ಆಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾದ ಫ್ಯೂಸರಿನ ಉರುಳೆಗಳು ಅದನ್ನು ಕರಗಿಸಿ ಕಾಗದದ ಎಳೆಗಳಲ್ಲಿ ಬೆಸೆಯುತ್ತವೆ. ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ತೇವಗೊಂಡ ಹಾಳೆಯು ವಿದ್ಯುತ್ತಿಗೆ ದಾರಿಬಿಡುವುದರಿಂದ ಆವೇಶವು ಅದರಲ್ಲಿ ನಿಲ್ಲದು, ಟೋನರು ಪೂರ್ತಿಯಾಗಿ ಇಳಿಯದು. ಫ್ಯೂಸರಿನ ಬಿಸಿಗೆ ಒಳಗಿನ ನೀರು ಆವಿಯಾಗಿ ಹೊರಡುವಾಗ ಹಾಳೆಯು ಸುರುಟುವುದು. ಮಸಿಯು ಹಿಡಿಯದುದಕ್ಕೂ ಹಾಳೆಯು ಸುರುಟುವುದಕ್ಕೂ ಎರಡು ಹಾಳೆಗಳು ಅಂಟಿಕೊಂಡು ಸಾಗುವುದಕ್ಕೂ ಹೀಗೆ ಒಂದೇ ಮೂಲವಿದ್ದು, ಬೇಕಾದಷ್ಟು ಹಾಳೆಗಳನ್ನು ಮಾತ್ರ ಟ್ರೇಯಲ್ಲಿರಿಸಿ, ಉಳಿದ ಕಟ್ಟನ್ನು ಅದರ ಹೊದಿಕೆಯಲ್ಲಿಯೇ ಸುತ್ತಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ನೆಲದಿಂದಲೂ ಗೋಡೆಯಿಂದಲೂ ದೂರವಿಡುವುದೊಂದೇ ಮೂರಕ್ಕೂ ಪರಿಹಾರವಾಗುತ್ತದೆ.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ‘ನ್ಯಾಯಮಂಜರಿ’ಯನ್ನು ರಚಿಸಿದ ಜಯಂತಭಟ್ಟನು, ಜ್ಞಾನದ ಉತ್ಪತ್ತಿಯನ್ನು ಕುರಿತು ವಿಚಾರಿಸುತ್ತ, ಅದಕ್ಕೆ ಕರಣವಾಗಿರುವುದು ಯಾವುದೋ ಒಂದು ಬಿಡಿ ವಸ್ತುವಲ್ಲ, ಚೇತನಾಚೇತನಗಳೆಲ್ಲ ಕೂಡಿದ ಸಾಮಗ್ರಿಯೇ ಎಂಬ ಪಕ್ಷವನ್ನು ಪ್ರತಿಪಾದಿಸಿದನು. ಆ ವಿಚಾರವನ್ನು ಇಲ್ಲಿಗೂ ವಿಸ್ತರಿಸಬಹುದಾಗಿದೆ. ಆಟಿಯ ಹಾಳೆಯು ಆಟಿಗೆ ತಕ್ಕ ಹಾಳೆಯೇ. ಡ್ರಮ್ಮು ತನ್ನ ಧರ್ಮವನ್ನು ಬಿಟ್ಟಿಲ್ಲ. ಟೋನರು ತನ್ನ ಧರ್ಮವನ್ನು ಬಿಟ್ಟಿಲ್ಲ. ಇವು ಒಂದಾಗಿ ಸೇರಿದಲ್ಲಿ ಮಾತ್ರ ಕೇಡು ಹುಟ್ಟಿತು. ಯಾವೊಂದನ್ನೂ ಕೆಟ್ಟದ್ದೆಂದು ಕರೆಯದೆ, ಇವುಗಳ ಸೇರುವಿಕೆಯನ್ನು ತಿದ್ದುವುದಕ್ಕೆ ಸಾಧ್ಯವಿದೆ. ಸಂಸಾರಗಳಲ್ಲಿಯೂ ಸಮಾಜಗಳಲ್ಲಿಯೂ ಎಷ್ಟೋ ವಿರಸಗಳು ಈ ಬಗೆಯವೇ ಆಗಿದ್ದು, ಇಬ್ಬರು ಸಜ್ಜನರ ನಡುವೆ ಹುಟ್ಟಿದ ಕೇಡಿಗೆ ಇಬ್ಬರಲ್ಲೊಬ್ಬನನ್ನು ದುರ್ಜನನನ್ನಾಗಿ ಮಾಡಿದ ಹೊರತು ನಮಗೆ ಸಮಾಧಾನವಾಗದಿರುವುದು ಶೋಚನೀಯವಾದ ಅಭ್ಯಾಸ.

ಎಲ್ಲ ಕೇಡುಗಳೂ ಕೂಡುವಿಕೆಯಿಂದಲೇ ಆಗುತ್ತವೆಂದಲ್ಲ. ಒಂದು ಅಂಗದಲ್ಲಿಯೇ ನೆಲೆಸಿದ ದೋಷಗಳೂ ಉಂಟು, ಅವುಗಳಿಗೆ ತಮ್ಮದೇ ಆದ ಲಿಂಗಗಳೂ, ಎಂದರೆ ಗುರುತುಗಳೂ, ಉಂಟು. ಪುಟದ ಉದ್ದಕ್ಕೂ ಒಂದೇ ಬಗೆಯ ಕಪ್ಪು ಚುಕ್ಕೆಯು ಸಮಾನವಾದ ಅಂತರಗಳಲ್ಲಿ ಮರುಕಳಿಸುತ್ತಿದ್ದರೆ, ಅದು ಕಾಗದದಲ್ಲಿರಲಾರದು. ತಿರುಗುವ ಯಾವುದೋ ಒಂದು ಅಂಗದಲ್ಲಿದ್ದು, ಅದರ ಒಂದೊಂದು ಸುತ್ತಿಗೂ ಒಮ್ಮೆ ಹಾಳೆಯನ್ನು ಮುಟ್ಟುತ್ತಿರಬೇಕು. ಅಂತರವನ್ನು ಅಳೆದರೆ ಅಂಗವು ಯಾವುದೆಂಬುದೂ ತಿಳಿದುಹೋಗುತ್ತದೆ: ಅನೇಕ ಸಣ್ಣ ಲೇಸರ್ ಯಂತ್ರಗಳ ಡ್ರಮ್ಮಿಗೆ ಸುಮಾರು 24 ಮಿಲಿಮೀಟರಿನ ವ್ಯಾಸವಿರುವುದರಿಂದ ಅದರ ಸುತ್ತಳತೆ ಸುಮಾರು 75 ಮಿಲಿಮೀಟರು, 297 ಮಿಲಿಮೀಟರು ಉದ್ದದ ಎ4 ಹಾಳೆಯಲ್ಲಿ ಆ ಅಂತರದಲ್ಲಿ ಚುಕ್ಕೆಯು ಮೂರು ನಾಲ್ಕು ಬಾರಿ ಕಾಣಿಸಿಕೊಂಡರೆ ಡ್ರಮ್ಮಿನ ಮೈಯಲ್ಲಿ ಗೀರೋ ಕಲೆಯೋ ಇದೆಯೆಂದು ಅನುಮಾನಿಸಲಡ್ಡಿಯಿಲ್ಲ. ಹೊಗೆಯಿಂದ ಬೆಂಕಿಯನ್ನು ತಿಳಿಯುವವನು ಮುಚ್ಚಿದ ಪೆಟ್ಟಿಗೆಯನ್ನು ತೆರೆಯದೆಯೇ ಅದರ ಒಳಗನ್ನು ಕಂಡಂತಾಯಿತು. ಅಚ್ಚಾದ ಅಕ್ಷರವನ್ನು ಬೆರಳಿನಿಂದ ಉಜ್ಜಿದರೆ ಹುಡಿಯಾಗಿ ಕೈಗೆ ಬರುವುದಾದರೆ, ಡ್ರಮ್ಮಿನವರೆಗೆ ಎಲ್ಲವೂ ನೆಟ್ಟಗಿದ್ದು ಫ್ಯೂಸರಿನ ಬಿಸಿಯು ಮಾತ್ರ ಸಾಲದೆ ಹೋಯಿತೆಂದರ್ಥ. ಮದುವೆಯ ಕಾಗದದಂಥ ದಪ್ಪ ಹಾಳೆಯನ್ನಿಟ್ಟು ಯಂತ್ರಕ್ಕೆ ತೆಳು ಹಾಳೆಯೆಂದೇ ತಿಳಿಸಿದ್ದರೂ ಹೀಗಾಗುವುದು.

ಇಂಕ್‌ಜೆಟ್ ಯಂತ್ರದ ಕಥೆ ಇದಕ್ಕೆ ವಿಪರೀತ. ಅದು ಹೆಚ್ಚು ದುಡಿದು ಕೆಡುವುದಕ್ಕಿಂತ ದುಡಿಯದೆ ಕೆಡುವುದೇ ಹೆಚ್ಚು. ಕೂದಲಿಗಿಂತ ಸಣ್ಣದಾದ ಅದರ ರಂಧ್ರಗಳಲ್ಲಿ ಮಸಿಯು ಒಣಗಿ ಗಟ್ಟಿಯಾದರೆ ಅಕ್ಷರಗಳ ನಡುವೆ ಬಿಳಿಯ ಗೆರೆಗಳು ಏಳುತ್ತವೆ. ಪರೀಕ್ಷಾಪುಟವನ್ನು ಅಚ್ಚುಹಾಕಿ ಯಾವ ರಂಧ್ರವು ಮುಚ್ಚಿದೆಯೆಂಬುದನ್ನು ನೋಡಿಕೊಂಡು, ಹೆಡ್ ಕ್ಲೀನಿಂಗ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪರೀಕ್ಷಿಸಬೇಕು. ಈ ಶುದ್ಧಿಯು ಪ್ರತಿಸಲವೂ ಮಸಿಯನ್ನೇ ವ್ಯಯಮಾಡುವುದರಿಂದ, ಅಸಹನೆಯಿಂದ ಅದನ್ನು ಮೇಲಿಂದ ಮೇಲೆ ಮಾಡಿದವನು ಮಸಿಯನ್ನು ಬರಿದುಮಾಡಿಕೊಂಡು ಎರಡನೆಯ ಕೇಡನ್ನು ತಾನೇ ಸೃಷ್ಟಿಸುತ್ತಾನೆ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟವನ್ನು ಅಚ್ಚುಹಾಕುವ ಅಲ್ಪನಿಯಮವು ಈ ಘೋರಪ್ರಾಯಶ್ಚಿತ್ತಕ್ಕಿಂತ ಮೇಲು.

ಇನ್ನು, ಯಂತ್ರದ ಮೇಲೆ ಹೊರಿಸಲಾಗುವ ಕೆಲವು ದೋಷಗಳು ಯಂತ್ರವನ್ನು ಮುಟ್ಟುವುದಕ್ಕೆ ಮೊದಲೇ ಸಂಭವಿಸಿರುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಆಮಂತ್ರಣವನ್ನು, ಆ ವಿನ್ಯಾಸವಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ, ದೇವರ ಹೆಸರಿದ್ದೆಡೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನೇ ಯಂತ್ರವು ನಿಷ್ಠೆಯಿಂದ ಅಚ್ಚುಹಾಕುತ್ತದೆ. ಕಂಪ್ಯೂಟರಿನ ಸಹಾಯವಿಲ್ಲದೆ ಯಂತ್ರವು ತಾನೇ ಮುದ್ರಿಸುವ ಪರೀಕ್ಷಾಪುಟವು ಶುದ್ಧವಾಗಿ ಬಂದರೆ, ಗಾಜಿನ ಮೇಲಿಟ್ಟು ತೆಗೆದ ಜೆರಾಕ್ಸ್ ಪ್ರತಿಯೂ ಶುದ್ಧವಾಗಿದ್ದರೆ, ಯಂತ್ರವು ನಿರ್ದೋಷಿ. ಅಕ್ಷರವಿನ್ಯಾಸವನ್ನು ಕಡತದೊಳಗೇ ಅಡಕಮಾಡಿ ಪಿಡಿಎಫ್ ರೂಪದಲ್ಲಿ ಕೊಟ್ಟವರಿಗೆ, ಅಥವಾ ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆದವರಿಗೆ, ಈ ತೊಂದರೆಯು ವಿರಳ.

ಹೀಗೆ ಪರೀಕ್ಷಿಸುತ್ತ ಹೋದರೆ ಸಂಶಯಕ್ಕೆ ಕೊನೆಯೆಲ್ಲಿ? ಪರೀಕ್ಷಾಪುಟವನ್ನೇ ನಂಬಬಹುದೆ, ಅಳೆದ ಅಳತೆಪಟ್ಟಿಯೇ ನೆಟ್ಟಗಿದೆಯೆ, ನೋಡುವ ಕಣ್ಣಿನಲ್ಲಿ ಪೊರೆಯಿಲ್ಲವೆ ಎಂದು ಕೇಳುತ್ತ ಹೋದವನು ಒಂದು ಹಾಳೆಯನ್ನೂ ಅಚ್ಚುಹಾಕಲಾರನು. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನು ಈ ಪ್ರಶ್ನೆಗೆ ಕೊಟ್ಟ ಉತ್ತರವು ಗಂಭೀರವಾಗಿದೆ. ಜ್ಞಾನವು ತನ್ನಷ್ಟಕ್ಕೆ ತಾನೇ ಪ್ರಮಾಣ. ಅದನ್ನು ಬಾಧಿಸುವ ಇನ್ನೊಂದು ಜ್ಞಾನವು ಹುಟ್ಟಿದಾಗ, ಇಲ್ಲವೆ ಅದನ್ನು ಹುಟ್ಟಿಸಿದ ಕಾರಣದಲ್ಲಿ ದೋಷವು ಕಂಡಾಗ ಮಾತ್ರ ಅದನ್ನು ಬಿಡಬೇಕು. ದೋಷವೇ ಕಾಣದಿರುವಲ್ಲಿ ದೋಷವಿರಬಹುದೆಂದು ಬರಿದೆ ಊಹಿಸುತ್ತ ಕೂರುವುದು ವ್ಯವಹಾರವನ್ನೂ ಧರ್ಮವನ್ನೂ ಒಟ್ಟಿಗೆ ಕೆಡಿಸುವ ದಾರಿ. ಮೂರು ನಾಲ್ಕು ಜ್ಞಾನಗಳಾಚೆಗೆ ವಿಚಾರವು ಹೋಗಬೇಕಾದ ಸಂದರ್ಭವೇ ಇಲ್ಲವೆಂಬುದು ಅವನ ನಿಲುವಿನ ಸಾರ. ಅವಸರದ ವಿಶ್ವಾಸಕ್ಕೂ ಅನಂತವಾದ ಸಂಶಯಕ್ಕೂ ನಡುವೆ ನಿಂತ ಈ ಮಧ್ಯಮಬುದ್ಧಿಯು, ಯಂತ್ರವನ್ನು ದುರಸ್ತಿಮಾಡುವವನಿಗೆ ಎಷ್ಟು ಅಗತ್ಯವೋ ಶ್ರದ್ಧಾವಂತನಿಗೂ ಅಷ್ಟೇ ಅಗತ್ಯ.

ಅದೇ ಮೀಮಾಂಸಕರು ಒಪ್ಪಿಕೊಂಡ ಮತ್ತೊಂದು ನಿಯಮವುಂಟು: ಕಾಣುವ ಪ್ರಯೋಜನದಿಂದ ಕೆಲಸವು ಸಾಗುವಲ್ಲಿ ಕಾಣದ ಪ್ರಯೋಜನವನ್ನು ಕಲ್ಪಿಸಬಾರದು. ಇದು ನಾಸ್ತಿಕರ ಮಾತಲ್ಲ. ಯಜ್ಞದಿಂದ ಅಪೂರ್ವವೆಂಬ ಅದೃಷ್ಟಶಕ್ತಿಯು ಹುಟ್ಟುತ್ತದೆಂದು ಪರಮನಿಷ್ಠೆಯಿಂದ ನಂಬಿದವರ ಮಾತು. ಭತ್ತವನ್ನು ಕುಟ್ಟುವ ಕ್ರಿಯೆಗೆ ಹೊಟ್ಟು ಹೋಗುವುದೇ ಫಲವಾಗಿ ಕಣ್ಣೆದುರಿಗಿರುವಾಗ ಅದಕ್ಕಾಗಿ ಬೇರೊಂದು ಪುಣ್ಯವನ್ನು ಹೇಳಬೇಕಾಗಿಲ್ಲವೆಂದು ಅವರು ವಾದಿಸಿದರು. ಅದೃಷ್ಟವನ್ನು ನಂಬಿದ್ದರಿಂದಲೇ ಅದನ್ನು ಕಂಡಕಂಡಲ್ಲಿ ಎಳೆತರುವುದು ಅವರಿಗೆ ಅಗೌರವವಾಗಿ ತೋರಿರಬೇಕು. ಕುಕ್ಕೆ ಸುಬ್ರಹ್ಮಣ್ಯವೂ ನೆಲ್ಯಾಡಿಯೂ ಇಂದು ಒಂದೇ ಕಡಬ ತಾಲೂಕಿಗೆ ಸೇರಿದ ಸ್ಥಳಗಳು. ಕುಕ್ಕೆಯ ನಾಗನ ಸನ್ನಿಧಿಗೆ ದೂರದೂರುಗಳಿಂದ ದುಃಖವನ್ನು ಹೊತ್ತು ಬರುವವರ ಶ್ರದ್ಧೆಯು ಗೌರವಕ್ಕೆ ಪಾತ್ರವಾದುದು. ಆದರೆ ಒದ್ದೆಕಾಗದಕ್ಕೆ ಪ್ರಶ್ನೆಯಿಡಿಸುವವನು ಆ ಸನ್ನಿಧಿಯನ್ನು ಹಿರಿದುಮಾಡಿದಂತಾಗಲಿಲ್ಲ. ಆಯುಧಪೂಜೆಯ ದಿನ ಯಂತ್ರಕ್ಕೆ ಗಂಧವನ್ನು ಹಚ್ಚಿ ಹೂವನ್ನು ಮುಡಿಸುವುದು ವರ್ಷವಿಡೀ ದುಡಿದ ವಸ್ತುವಿಗೆ ಸಲ್ಲಿಸುವ ಕೃತಜ್ಞತೆ. ಮಾರನೆಯ ದಿನ ಪಿಕಪ್ ರೋಲರಿನ ಮೇಲೆ ಕುಳಿತ ಕಾಗದದ ಹುಡಿಯನ್ನು ತುಸು ಒದ್ದೆಯಾದ ಬಟ್ಟೆಯಿಂದ ಒರಸುವುದೂ ಅದೇ ಕೃತಜ್ಞತೆಯ ಮುಂದುವರಿಕೆ. ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಕೂಡದು.

ಈ ಮರ್ಯಾದೆಯನ್ನು ತಮ್ಮ ಬಾಳಿನಲ್ಲಿ ತೋರಿದವರಲ್ಲಿ ಕಾರ್ಲ್‌ಸನ್ನನೂ ಒಬ್ಬನೆಂಬುದು ವಿಚಾರಾರ್ಹವಾಗಿದೆ. ಅವನ ಆವಿಷ್ಕಾರವನ್ನು ಅನೇಕ ಸಂಸ್ಥೆಗಳು ವರ್ಷಗಟ್ಟಲೆ ನಿರಾಕರಿಸಿದ ಮೇಲೆ ಅದು ಕೈಗೂಡಿ ಅಪಾರವಾದ ಸಂಪತ್ತು ಬಂದಾಗ, ಅವನು ಅದರ ಬಹುಭಾಗವನ್ನು ದಾನಮಾಡಿದನು. ವೇದಾಂತದಲ್ಲಿಯೂ ಬೌದ್ಧಧ್ಯಾನದಲ್ಲಿಯೂ ಆಸಕ್ತನಾಗಿ, ಪುನರ್ಜನ್ಮವನ್ನು ಸೂಚಿಸುವಂತೆ ತೋರುವ ವೃತ್ತಾಂತಗಳನ್ನು ಭಾರತವೇ ಮೊದಲಾದ ದೇಶಗಳಲ್ಲಿ ಸಂಗ್ರಹಿಸುತ್ತಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ನನ ಸಂಶೋಧನೆಗೆ ನೆರವಾದನು. 1968ರಲ್ಲಿ ತೀರಿಕೊಂಡಾಗ ಅದಕ್ಕಾಗಿ ಹತ್ತು ಲಕ್ಷ ಡಾಲರುಗಳನ್ನು ಬಿಟ್ಟುಹೋದನು. ಕಾಣದ ಬಾಳನ್ನು ಕುರಿತು ಇಷ್ಟು ತೀವ್ರವಾದ ಜಿಜ್ಞಾಸೆಯಿದ್ದವನು ತನ್ನ ಫಲಕದ ಮೇಲೆ ಹುಡಿಯು ಅಂಟದಾಗ ಕಾಣದ ಕಾರಣವನ್ನು ಹೇಳಿಕೊಂಡು ಕೈಚೆಲ್ಲಿದ್ದರೆ, ಇಂದು ನೆಲ್ಯಾಡಿಯಲ್ಲಿ ಒಂದು ಪಹಣಿಯ ಪ್ರತಿಯೂ ಹೊರಡುತ್ತಿರಲಿಲ್ಲ.

ಯಂತ್ರದ ವಿಷಯದಲ್ಲಿ ಕಾರಣವನ್ನು ತಪ್ಪಾಗಿ ಹೇಳಿದರೆ ಕೆಡುವುದು ಕಾಗದ. ಮನುಷ್ಯರ ವಿಷಯದಲ್ಲಿ ಹೇಳಿದರೆ ಕೆಡುವುದು ಮನುಷ್ಯ. ಹುಟ್ಟುಗುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಹೀಗಾಗಲು ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಯೇಸುವು ಇವನೂ ಅಲ್ಲ ಅವರೂ ಅಲ್ಲವೆಂದು ಹೇಳಿ, ದೇವರ ಕ್ರಿಯೆಯು ಇವನಲ್ಲಿ ತೋರಿಬರಲೆಂದೇ ಹೀಗಿದೆಯೆಂದು ತಿಳಿಸಿ, ಅವನ ಕಣ್ಣನ್ನು ಗುಣಪಡಿಸಿದ ಪ್ರಸಂಗವು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ನೆಲ್ಯಾಡಿಯ ಇಗರ್ಜಿಗಳಲ್ಲಿ ಕುಳಿತು ಕೇಳುವವರಿಗೂ, ಕರ್ಮಸಿದ್ಧಾಂತವನ್ನು ನಂಬಿ ದೇವಸ್ಥಾನಕ್ಕೆ ನಡೆಯುವವರಿಗೂ ಇಲ್ಲಿ ಸಮಾನವಾದ ಪಾಠವಿದೆ. ಕರ್ಮವು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳುವವನಿಗೆ ಬೆಳಕಾಗಬಲ್ಲದು. ಇನ್ನೊಬ್ಬನ ಬಡತನಕ್ಕೆ, ಇನ್ನೊಬ್ಬಳ ವೈಧವ್ಯಕ್ಕೆ, ಇನ್ನೊಂದು ಮಗುವಿನ ರೋಗಕ್ಕೆ ಅದನ್ನು ವಿವರಣೆಯಾಗಿ ಕೊಟ್ಟು ಕಾಣುವ ಕಾರಣಗಳ ಪರಿಶೋಧನೆಯನ್ನು ನಿಲ್ಲಿಸಿಬಿಟ್ಟರೆ, ಅದು ಸಿದ್ಧಾಂತದ ದುರುಪಯೋಗ, ಆ ಸಿದ್ಧಾಂತವನ್ನೇ ಆಳವಾಗಿ ಬಲ್ಲವರ ನಿಯಮಕ್ಕೂ ವಿರುದ್ಧ.

ನವ್ಯನ್ಯಾಯದ ಪಾಠವನ್ನು ಆರಂಭಿಸುವವರು ಓದುವ, ಹದಿನೇಳನೆಯ ಶತಮಾನದ ವಿಶ್ವನಾಥನ ‘ಭಾಷಾಪರಿಚ್ಛೇದ’ದಲ್ಲಿ, ಕಾರಣವೆಂದರೇನೆಂಬುದನ್ನು ಹೇಳಿದೊಡನೆಯೇ ಯಾವುದು ಕಾರಣವಲ್ಲವೆಂಬುದರ ನಿರೂಪಣೆಯೂ ಬರುತ್ತದೆ. ಕಾರ್ಯಕ್ಕೆ ಮುಂಚೆ ಇದ್ದರೂ ಅದಕ್ಕೆ ಕಾರಣವಲ್ಲದವನ್ನು ಅನ್ಯಥಾಸಿದ್ಧಗಳೆಂದು ಕರೆದು, ಅವನ್ನು ಐದು ಬಗೆಯಾಗಿ ವಿಂಗಡಿಸಿ, ಗಡಿಗೆಯಾಗುವುದಕ್ಕೆ ಮುಂಚೆ ಕುಂಬಾರನ ತಂದೆ ಇದ್ದರೂ, ಚಕ್ರವನ್ನು ತಿರುಗಿಸುವ ದೊಣ್ಣೆಗೆ ಬಣ್ಣವಿದ್ದರೂ, ಮಣ್ಣನ್ನು ಹೊತ್ತು ತಂದ ಕತ್ತೆಯಿದ್ದರೂ, ಇವು ಗಡಿಗೆಗೆ ಕಾರಣಗಳಲ್ಲವೆಂದು ಅಲ್ಲಿ ತಿಳಿಸಲಾಗಿದೆ. ತರ್ಕದ ವಿದ್ಯಾರ್ಥಿಗೆ ಇದು ಶುಷ್ಕವಾದ ಪರಿಗಣನೆಯಾಗಿ ತೋರಬಹುದು. ವಾಸ್ತವದಲ್ಲಿ ಅದೊಂದು ಬಿಡುಗಡೆಯ ಶಾಸ್ತ್ರ. ಸಮೀಪದಲ್ಲಿ ಇದ್ದದ್ದರಿಂದಲೇ ಹೊಣೆಗಾರರಾಗಿ ನಿಲ್ಲಿಸಲ್ಪಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ನೀವು ಹೋಗಬಹುದು ಎಂದು ಹೇಳುವ ಶಾಸ್ತ್ರ. ಕಾರಣದ ಜಿಜ್ಞಾಸೆಯ ಮುಖ್ಯಫಲವು ದೋಷಿಯು ಸಿಕ್ಕುವುದೆಂದು ಲೋಕವು ಭಾವಿಸುತ್ತದೆ. ನಿರ್ದೋಷಿಗಳು ಬಿಡುಗಡೆಯಾಗುವುದೇ ಅದರ ಮೊದಲ ಫಲ, ಹೆಚ್ಚಿನ ಫಲ. ಅಂಥ ಜಿಜ್ಞಾಸೆಗೆ ಹತ್ತಿರದ ನಿದರ್ಶನವೂ ಉಂಟು: ಪುತ್ತೂರಿನಲ್ಲಿ ಶಿವರಾಮ ಕಾರಂತರು 1930, 40ರ ದಶಕಗಳಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಮುದ್ರಿಸುತ್ತ, ಹಣದ ನಷ್ಟವನ್ನೂ ಸಹಿಸುತ್ತ, ಅಚ್ಚಿನ ವಿದ್ಯೆಯಲ್ಲಿ ಪ್ರಯೋಗಗಳನ್ನು ನಡೆಸಿದರೆಂಬುದು ಈ ಸೀಮೆಯವರಿಗೆ ತಿಳಿದ ವಿಷಯ. ತಾನೇ ಕೈಯಿಟ್ಟು, ತಾನೇ ನಷ್ಟವನ್ನು ತಾಳಿಕೊಂಡು, ಕೆಟ್ಟುದರ ಕಾರಣವನ್ನು ತಾಳ್ಮೆಯಿಂದ ಹುಡುಕುವ ಆ ಪರಂಪರೆಯು ಇಂದು ಸಣ್ಣ ಪೇಟೆಯ ಅಂಗಡಿಗಳಿಗೂ ಮನೆಗಳಿಗೂ ಇಳಿದುಬಂದಿದೆ. ಮಾಸಿದ ಪುಟವೊಂದನ್ನು ಕೈಯಲ್ಲಿ ಹಿಡಿದವನು ಅಂಗಡಿಯ ಹುಡುಗನನ್ನು ಗದರುವುದಕ್ಕೆ ಮೊದಲು ಹೊಸ ಕಟ್ಟಿನ ಒಂದು ಹಾಳೆಯನ್ನಿಟ್ಟು ನೋಡಲಿ. ಅಷ್ಟನ್ನು ಯಂತ್ರದ ಮುಂದೆ ಅಭ್ಯಾಸಮಾಡಿಕೊಂಡವನು, ನೆರೆಯವನ ದುಃಖದ ಮುಂದೆ ನಿಂತಾಗಲೂ ತೀರ್ಪನ್ನು ತಡೆಹಿಡಿದು ಕಾರಣವನ್ನು ವಿಚಾರಿಸುವನು. ಅಂಥ ವಿಚಾರಕ್ಕೆ ಧರ್ಮವೆಂಬ ಹೆಸರು ನಿಸ್ಸಂದೇಹವಾಗಿ ಸಲ್ಲುತ್ತದೆ.